ಓದುಗರಿಗೆ ಸಿಟ್ಟು ಬಂದ ಪುಟ

'ಗಾನ್ ಗರ್ಲ್' ಓದಿ ಮುಗಿಸಿದವರ ಬಾಯಲ್ಲಿ ಮೂರು ಮಾತು ಮತ್ತೆ ಮತ್ತೆ ಬರುತ್ತವೆ. ಲೇಖಕಿ ಮೋಸ ಮಾಡಿದ್ದಾರೆ. ಇಷ್ಟಪಡುವಂಥ ಒಂದು ಜೀವವೂ ಇದರಲ್ಲಿಲ್ಲ. ಇಷ್ಟೆಲ್ಲ ಓದಿಸಿ ಕೊನೆಗೆ ಹೀಗಾ ಮುಗಿಸೋದು? ಗಿಲಿಯನ್ ಫ್ಲಿನ್ ಅವರ ಈ ಮೂರನೆಯ ಕಾದಂಬರಿ ಅಮೆರಿಕದಲ್ಲಿ ಹೊರಬಂದದ್ದು 2012ರ ಜೂನ್‌ನಲ್ಲಿ. ಅಂದಿನಿಂದ ಇಂದಿನವರೆಗೂ ಈ ಮೂರು ಮಾತು ಸವೆದಿಲ್ಲ. ವಿಚಿತ್ರವೆಂದರೆ, ಹೀಗೆ ಸಿಟ್ಟಾದವರೇ 'ರಾತ್ರಿಯಿಡೀ ಕೂತು ಮುಗಿಸಿದೆ' ಎಂದೂ ಹೇಳುತ್ತಾರೆ.

ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿ 'ಹಿಡಿಸಲಿಲ್ಲ' ಎಂಬ ಚೀಟಿ ಅಂಟಿಸುವುದು ಸುಲಭ. ಹಾಗೆ ಮಾಡಿದರೆ ಓದುಗರ ಸಿಟ್ಟಿನೊಳಗಿರುವ ಅಮೂಲ್ಯ ಮಾಹಿತಿಯೆಲ್ಲ ವ್ಯರ್ಥವಾಗುತ್ತದೆ. ಒಂದೊಂದು ದೂರೂ ಕಾದಂಬರಿಯ ಒಂದೊಂದು ಬೇರೆ ಜಾಗದ ಕಡೆ ಬೆರಳು ತೋರಿಸುತ್ತದೆ. ಯಾವ ಜಾಗ, ಅಲ್ಲಿ ನಿಜಕ್ಕೂ ಏನಾಗಿದೆ ಎಂದು ಪುಟ ತಿರುಗಿಸಿ ನೋಡಬಹುದು. ಬಹಳಷ್ಟು ಸಲ ಸಿಟ್ಟು ನ್ಯಾಯವಾಗಿಯೇ ಇರುತ್ತದೆ, ಬೆರಳು ತೋರಿಸಿದ ಜಾಗ ಮಾತ್ರ ತಪ್ಪಿರುತ್ತದೆ.

ಕಥೆಯ ಗುಟ್ಟು ಬಿಚ್ಚದೆ ಇದನ್ನು ವಿವರಿಸಲಾಗದು. ಇನ್ನೂ ಓದಿಲ್ಲದವರು ಇಲ್ಲಿಗೇ ನಿಲ್ಲಿಸಿ ಕಾದಂಬರಿ ಓದಿ ಬರುವುದು ಒಳ್ಳೆಯದು.

ಮಿಸೌರಿ ರಾಜ್ಯದ, ಮಿಸಿಸಿಪಿ ನದಿಯ ದಂಡೆಯ ಒಂದು ಊರು. ನ್ಯೂಯಾರ್ಕ್‌ನಲ್ಲಿ ಕೆಲಸ ಕಳೆದುಕೊಂಡ ನಿಕ್ ಮತ್ತು ಏಮಿ ದಂಪತಿ ನಿಕ್‌ನ ಈ ಹುಟ್ಟೂರಿಗೆ ಬಂದಿದ್ದಾರೆ. ಐದನೇ ವಿವಾಹ ವಾರ್ಷಿಕೋತ್ಸವದ ದಿನ ಏಮಿ ಕಾಣೆಯಾಗುತ್ತಾಳೆ. ಒಂದು ಅಧ್ಯಾಯ ನಿಕ್‌ನದು, ಆ ದಿನದಿಂದ ಮುಂದಕ್ಕೆ. ಮತ್ತೊಂದು ಅಧ್ಯಾಯ ಏಮಿಯ ದಿನಚರಿ, 2005ರ ಜನವರಿಯಿಂದ ಶುರು. ಪ್ರೀತಿ, ಮದುವೆ, ಬೇಸರ, ಕೊನೆಗೆ ಗಂಡನ ಭಯ. ಎರಡು ಕಾಲರೇಖೆಗಳೂ ಒಂದೇ ದಿನದ ಕಡೆ ಓಡುತ್ತವೆ. ಪುಸ್ತಕದ ಸುಮಾರು ಅರ್ಧದಲ್ಲಿ, ಎರಡನೆಯ ಭಾಗದ ಬಾಗಿಲಲ್ಲಿ, ಏಮಿ ತಾನೇ ಮಾತಾಡುತ್ತಾಳೆ. ಅವಳು ಬದುಕಿದ್ದಾಳೆ. ಗಂಡನನ್ನು ಕೊಲೆಗಾರನಾಗಿಸಲು ತಾನೇ ಮಾಯವಾಗಿದ್ದಾಳೆ. ನಾವು ಮರುಗಿದ ಏಳು ವರ್ಷಗಳ ದಿನಚರಿ ಪೊಲೀಸರ ಕೈಗೆ ಸಿಗಲೆಂದೇ ಕೂತು ಹೆಣೆದದ್ದು.

ಮೊದಲ ದೂರು ಹುಟ್ಟುವುದು ಇಲ್ಲೇ. ಮೋಸ. ಈ ದೂರಿಗೆ ಹತ್ತಿರ ಹತ್ತಿರ ನೂರು ವರ್ಷದ ಹಿನ್ನೆಲೆಯಿದೆ. 1926ರಲ್ಲಿ ಅಗಾಥಾ ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬಂದಾಗ, ಕಥೆ ಹೇಳುವ ಡಾಕ್ಟರನೇ ಕೊಲೆಗಾರ ಎಂದು ತಿಳಿದ ಓದುಗರಲ್ಲಿ ಹಲವರು ಕೆರಳಿದರು. ಎಲ್ಲರನ್ನೂ ಸಂಶಯಿಸುವುದು ಓದುಗನದೇ ಕೆಲಸ ಎಂದು ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯವರ ಪರ ನಿಂತರು. 1929ರಲ್ಲಿ ಇನ್ನೊಬ್ಬ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮ ಬರೆದಾಗ ಮೊದಲನೆಯದರಲ್ಲೇ ಇದನ್ನು ಸೇರಿಸಿದರು: ಯಾರ ಮನಸ್ಸಿನೊಳಗೆ ಓದುಗರನ್ನು ಬಿಟ್ಟುಕೊಂಡಿದ್ದೀರೋ ಅವನು ಅಪರಾಧಿಯಾಗಿರಕೂಡದು. 'ನಂಬಲಾಗದ ನಿರೂಪಕ' ಎಂಬ ಹೆಸರನ್ನು ವಿಮರ್ಶಕ ವೇಯ್ನ್ ಬೂತ್ ಕೊಟ್ಟದ್ದು 1961ರಲ್ಲಿ. ಹೆಸರು ಬರುವುದಕ್ಕೆ ಎಷ್ಟೋ ಮೊದಲೇ ಓದುಗರ ಸಿಟ್ಟು ಬಂದಾಗಿತ್ತು.

ಕ್ರಿಸ್ಟಿಯವರ ಆ ಹಳೆಯ ಕಾದಂಬರಿ ಈಗಲೂ ಗಟ್ಟಿಯಾಗಿ ನಿಂತಿರುವುದಕ್ಕೆ ಕಾರಣ ಅದರ ಎರಡು ವಾಕ್ಯಗಳಲ್ಲಿದೆ. ಆಕ್ರಾಯ್ಡ್‌ನ ಕೋಣೆಗೆ ಪತ್ರ ಬಂದದ್ದು ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ. ಡಾಕ್ಟರ್ ಕೋಣೆ ಬಿಟ್ಟು ಹೊರಟದ್ದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ಎರಡೂ ನಿಜ. ನಡುವಿನ ಹತ್ತು ನಿಮಿಷದಲ್ಲಿ ಕೊಲೆ ನಡೆದಿದೆ, ಡಾಕ್ಟರ್ ಅದನ್ನು ಬರೆದಿಲ್ಲ, ಅಷ್ಟೆ. ಕೊನೆಯ ಅಧ್ಯಾಯದಲ್ಲಿ ಅವನೇ ಆ ಸಾಲುಗಳನ್ನು ಹೊರತೆಗೆದು, ನೋಡಿ ಎಲ್ಲೂ ಸುಳ್ಳು ಹೇಳಿಲ್ಲ ಎಂದು ಹೆಮ್ಮೆಯಿಂದ ತೋರಿಸುತ್ತಾನೆ. ಮೋಸದ ದೂರನ್ನು ಪರೀಕ್ಷಿಸುವ ಅಳತೆಗೋಲು ಇದೇ. ಗುಟ್ಟು ತಿಳಿದ ಮೇಲೆ ಹಿಂದಿನ ಪುಟಗಳಿಗೆ ಹೋದರೆ ವಾಕ್ಯಗಳು ನಿಜವಾಗಿಯೇ ಉಳಿಯುತ್ತವೆಯೇ? ಸುಳ್ಳಾಗುವ ವಾಕ್ಯವಿದ್ದರೆ, ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಏನನ್ನಾದರೂ ಹೇಳದೆ ಬಿಟ್ಟಿದ್ದರೆ, ಬಿಡುವುದಕ್ಕೆ ಕಥೆಯೊಳಗೇ ಕಾರಣವಿದೆಯೇ?

ಈ ಅಳತೆಗೋಲನ್ನು ಏಮಿಯ ದಿನಚರಿಯ ಮೇಲಿಡೋಣ. ಅದರಲ್ಲಿ ಸುಳ್ಳು ರಾಶಿಗಟ್ಟಲೆ ಇದೆ. ಆದರೆ ಆ ದಿನಚರಿ ಕಥೆಯೊಳಗಿನ ಒಂದು ವಸ್ತು. ಮೇಜಿನ ಮೇಲಿಡಬಹುದು, ಸುಡಬಹುದು, ಪೊಲೀಸರು ಎತ್ತಿಕೊಂಡು ಹೋಗಬಹುದು. ಅವಳು ಸುಳ್ಳು ಹೇಳುತ್ತಿರುವುದು ಪತ್ತೆದಾರರಿಗೆ. ನಾವು ಅವರ ಹೆಗಲ ಮೇಲಿಂದ ಇಣುಕಿ ಓದುತ್ತಿದ್ದೇವೆ. ಮೊದಲ ಭಾಗ ನಡೆಯುವಷ್ಟು ಹೊತ್ತೂ ಲೇಖಕಿ ನಮ್ಮನ್ನು ನ್ಯಾಯಾಲಯದ ಸಾಕ್ಷ್ಯದ ಮುಂದೆ ಕೂರಿಸಿದ್ದಾರೆ, ಸಾಕ್ಷ್ಯ ಎಂದು ಮಾತ್ರ ಹೇಳಿಲ್ಲ. ನನ್ನ ಲೆಕ್ಕದಲ್ಲಿ ಇದು ನ್ಯಾಯವಾದ ಆಟ. ಓದುಗರು ಅತಿ ಹೆಚ್ಚು ಬೈಯುವ ಜಾಗದಲ್ಲಿ ಕಾದಂಬರಿ ಶುದ್ಧವಾಗಿದೆ.

ಬೈಯಬೇಕಾದ ಜಾಗ ನಿಕ್‌ನ ಅಧ್ಯಾಯಗಳಲ್ಲಿದೆ. ನಿಕ್‌ಗೆ ತನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ಸಂಬಂಧವಿದೆ. ಮೊದಲ ಭಾಗದ ಎಷ್ಟೋ ಪುಟಗಳವರೆಗೆ ಅದನ್ನು ಅವನು ನಮಗೆ ಹೇಳುವುದಿಲ್ಲ. ಸುಳಿವುಗಳು ಇವೆ: ಯಾರದೆಂದು ಹೇಳದ ಒಂದು ಫೋನ್ ಸದ್ದು ಮಾಡುತ್ತದೆ, ಪೊಲೀಸರಿಗೆ ಹೇಳಿದ ಸುಳ್ಳುಗಳನ್ನು ಅವನೇ ಎಣಿಸುತ್ತಾನೆ, ಐದನೆಯದಕ್ಕೆ ಬಂದಾಗ ಇದಿನ್ನೂ ಶುರು ಎನ್ನುತ್ತಾನೆ. ಕೊನೆಗೆ ಬಾಯಿ ಬಿಡುವಾಗ, ಇದನ್ನು ಹೇಳಿದೊಡನೆ ನಿಮಗೆ ನಾನು ಇಷ್ಟವಾಗುವುದು ನಿಲ್ಲುತ್ತದೆ ಎಂಬ ಮಾತನ್ನೂ ಸೇರಿಸುತ್ತಾನೆ. ಅಂದರೆ ಅವನಿಗೆ ಓದುಗರಿರುವುದು ಗೊತ್ತು, ಅವರ ಮೆಚ್ಚುಗೆ ಬೇಕು. ಹೇಳದೆ ಬಿಟ್ಟದ್ದಕ್ಕೆ ಅದೇ ಕಾರಣ ಎಂದು ಸಮರ್ಥಿಸಬಹುದು. ಆದರೂ ದಿನಚರಿಗಿದ್ದ ಗಟ್ಟಿ ನೆಲ ಇದಕ್ಕಿಲ್ಲ. ನಿಕ್ ಈ ಮಾತುಗಳನ್ನು ಯಾವಾಗ, ಎಲ್ಲಿ ಕೂತು, ಯಾರಿಗೆ ಹೇಳುತ್ತಿದ್ದಾನೆ? ಅದಕ್ಕೆ ಮೊದಲ ಭಾಗದಲ್ಲಿ ಉತ್ತರ ಸಿಗುವುದಿಲ್ಲ. ಅವನ ಮನಸ್ಸಿನೊಳಗೇ ಕೂತಿರುವ ನಮಗೆ ಅವನ ಮನಸ್ಸನ್ನು ತುಂಬಿರಬೇಕಾದ ಹುಡುಗಿ ಕಾಣದಿರುವುದಕ್ಕೆ ಅಧ್ಯಾಯದ ಕೊನೆಯಲ್ಲಿ ಬೆಚ್ಚಿಬೀಳಿಸುವ ಅಗತ್ಯವೇ ಮುಖ್ಯ ಕಾರಣ. ಒಟ್ಟಾರೆ 'ಏನೋ ಮೋಸ' ಎಂದು ಅನ್ನಿಸಿದವರ ಮೂಗು ಸರಿಯಾಗಿಯೇ ವಾಸನೆ ಹಿಡಿದಿದೆ. ಗಂಡನ ಕೋಣೆಯಿಂದ ಬಂದ ವಾಸನೆಯನ್ನು ಹೆಂಡತಿಯ ಕೋಣೆಯದೆಂದು ತಿಳಿದರು.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಇಡೀ ಪುಸ್ತಕ ಮತ್ತೆ ಓದಬೇಕಿಲ್ಲ, ಮೊದಲ ಭಾಗ ಸಾಕು. ಪೆನ್ಸಿಲ್ ಹಿಡಿದು ಮೂರು ಗುರುತು ಇಟ್ಟುಕೊಳ್ಳಿ. ಎರಡೂ ಓದಿನಲ್ಲಿ ನಿಜವಾಗಿ ನಿಲ್ಲುವ ಆದರೆ ಅರ್ಥ ತಿರುಗುವ ವಾಕ್ಯದ ಪಕ್ಕ ಒಂದು ಗೆರೆ. ಈಗ ಸುಳ್ಳೆಂದು ಗೊತ್ತಾದ ವಾಕ್ಯದ ಪಕ್ಕ ಎರಡು ಗೆರೆ. ಮನುಷ್ಯನಾದವನು ಇಲ್ಲಿ ಏನನ್ನೋ ನೆನೆಸಿಕೊಳ್ಳದೆ ಇರಲಾರ, ಆದರೂ ನೆನೆಸಿಕೊಂಡಿಲ್ಲ ಅನ್ನಿಸಿದ ಕಡೆ ಒಂದು ಸೊನ್ನೆ. ಒಂಟಿ ಗೆರೆಗಳು ಹೆಚ್ಚಿದ್ದರೆ ಅದು ಕಸುಬು ಬಲ್ಲವರ ಕೆಲಸ. ಎರಡು ಗೆರೆಗಳು ಯಾರೋ ಒಬ್ಬರ ಪತ್ರ, ಹೇಳಿಕೆ, ದಿನಚರಿಯೊಳಗೇ ಇದ್ದರೆ ತೊಂದರೆಯಿಲ್ಲ, ನೇರ ನಿರೂಪಣೆಯಲ್ಲಿ ಸಿಕ್ಕರೆ ದೂರು ನಿಂತಿತು. ಸೊನ್ನೆಗಳು ಒಂದೇ ಪಾತ್ರದ ಅಧ್ಯಾಯಗಳಲ್ಲಿ ಗುಂಪುಗುಂಪಾಗಿ ಬಿದ್ದರೆ ಲೇಖಕರು ಅಲ್ಲಿ ಬಲವಂತ ಮಾಡಿದ್ದಾರೆ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ತಿರುವಿನ ಹಿಂದಿನ ಇಪ್ಪತ್ತು ಪುಟಗಳನ್ನಷ್ಟೇ ತಿರುಗಿ ನೋಡುವುದು. ಅಲ್ಲಿ ಏನೂ ಸಿಗುವುದಿಲ್ಲ. ಅನುಭವವಿರುವ ಲೇಖಕರು ಸುಳಿವನ್ನು ಹೂಳುವುದು ಮೊದಲ ಐವತ್ತು ಪುಟಗಳಲ್ಲಿ, ಓದುಗ ಇನ್ನೂ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಗಡಿಬಿಡಿಯಲ್ಲಿರುವಾಗ.

ಇನ್ನೊಂದು ತಪ್ಪು, ಪುಸ್ತಕದ ಬದಲು ಸಿನಿಮಾ ನೋಡಿ ತೀರ್ಪು ಕೊಡುವುದು. 2014ರಲ್ಲಿ ಡೇವಿಡ್ ಫಿಂಚರ್ ಇದನ್ನು ಸಿನಿಮಾ ಮಾಡಿದಾಗ ಚಿತ್ರಕಥೆಯನ್ನು ಫ್ಲಿನ್ ಅವರೇ ಬರೆದರು. ಅಲ್ಲಿ ದಿನಚರಿಯ ಪ್ರಸಂಗಗಳು ಕಣ್ಣಿಗೆ ಕಾಣುತ್ತವೆ. ಬರೆದದ್ದನ್ನು ಓದುವಾಗ 'ಇವಳು ಹೀಗೆ ಬರೆದಿದ್ದಾಳೆ' ಎಂಬ ಸಣ್ಣ ಅಂತರ ಇರುತ್ತದೆ, ಕ್ಯಾಮೆರಾ ತೋರಿಸಿದ್ದಕ್ಕೆ ಆ ಅಂತರವಿಲ್ಲ. ಹಾಗಾಗಿ ಸಿನಿಮಾ ನೋಡಿದವರ ಮೋಸದ ದೂರು ಬೇರೆಯೇ ಪ್ರಕರಣ. ಅದನ್ನು ತಂದು ಪುಸ್ತಕದ ಲೆಕ್ಕಕ್ಕೆ ಬರೆಯಬಾರದು.

ಮೋಸ ಎನ್ನುವವರ ಎದುರು ಬದಿಯಲ್ಲಿ 'ನನಗೆ ಐವತ್ತನೇ ಪುಟಕ್ಕೇ ಗೊತ್ತಾಗಿತ್ತು' ಎನ್ನುವವರು ನಿಂತಿದ್ದಾರೆ. ಅವರು ಬೇಕೆಂದು ಸುಳ್ಳಾಡುತ್ತಿಲ್ಲ. 1975ರಲ್ಲಿ ಬರೂಕ್ ಫಿಶಾಫ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗವೊಂದರಲ್ಲಿ, 1814ರ ಬ್ರಿಟಿಷರು ಮತ್ತು ನೇಪಾಳದ ಗೂರ್ಖರ ಕಾದಾಟದ ವಿವರ ಓದಲು ಕೊಟ್ಟರು. ಕೆಲವರಿಗೆ ಫಲಿತಾಂಶ ಇಂಥದ್ದು ಎಂದು ಹೇಳಿದರು, ಕೆಲವರಿಗೆ ಹೇಳಲಿಲ್ಲ. ಹೇಳಿಸಿಕೊಂಡವರು ಆ ಫಲಿತಾಂಶವೇ ಹೆಚ್ಚು ಸಂಭವನೀಯವಾಗಿತ್ತು ಎಂದು ಅಂದಾಜಿಸಿದರು. ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಫಲಿತಾಂಶ ಹೇಳಿದ್ದರೂ ಇದೇ ಕಥೆ. ಅಂತ್ಯ ತಿಳಿದೊಡನೆ ಮನಸ್ಸು ಹಿಂದಿನ ಸಂಶಯಗಳ ಗುಂಪಿನಿಂದ ಗೆದ್ದದ್ದೊಂದನ್ನು ಮಾತ್ರ ಎತ್ತಿ ಹಿಡಿಯುತ್ತದೆ. ಥ್ರಿಲ್ಲರ್ ಓದುವವನು ಐವತ್ತು ಪುಟದೊಳಗೆ ಐದಾರು ಜನರನ್ನು ಸಂಶಯಿಸಿರುತ್ತಾನೆ, ಮುಗಿದ ಮೇಲೆ ನೆನಪುಳಿಯುವುದು ಒಂದೇ.

ಊಹಿಸಿದ್ದೆ ಎಂದು ಹೇಳಬೇಕಾದರೆ ಓದುತ್ತಿರುವಾಗಲೇ ಒಂದು ಚೀಟಿಯಲ್ಲಿ ಬರೆದಿಡಬೇಕು: ಪುಟದ ಸಂಖ್ಯೆ, ಯಾರು, ಏನು, ಹೇಗೆ. ಹೀಗೆ ಬರೆದವರಿಗೆ ಊಹೆಗೂ ಪದರಗಳಿರುವುದು ಕಾಣುತ್ತದೆ. 'ಗಾನ್ ಗರ್ಲ್'ನಲ್ಲಿ ಏಮಿ ಸತ್ತಿಲ್ಲ ಎಂಬುದು ಮೇಲಿನ ಪದರ, ಥ್ರಿಲ್ಲರ್ ಅಭ್ಯಾಸವಿದ್ದವರಿಗೆ ಎಟುಕುವಂಥದ್ದು. ದಿನಚರಿ ನಕಲಿ ಎಂಬುದು ಅದರ ಕೆಳಗಿನದು. ಅಷ್ಟೆಲ್ಲ ಮಾಡಿದವಳು ಕೊನೆಗೆ ಅದೇ ಗಂಡನ ಮನೆಗೆ ವಾಪಸು ಬರುತ್ತಾಳೆ ಎಂಬುದು ತಳದಲ್ಲಿದೆ. ಮೊದಲನೆಯದನ್ನು ಊಹಿಸಿ ಮೂರನ್ನೂ ಊಹಿಸಿದೆ ಎಂದುಕೊಳ್ಳುವುದೇ ಸಾಮಾನ್ಯ. 'ಭಯಂಕರ ಟ್ವಿಸ್ಟ್ ಇದೆ, ಓದಿ' ಎಂದು ಶಿಫಾರಸು ಮಾಡುವವರೂ ಇದರಲ್ಲಿ ಪಾಲುದಾರರು. ತಿರುವಿದೆ ಎಂದು ತಿಳಿದವನು ಕಾದಂಬರಿ ಓದುವುದಿಲ್ಲ, ತಪಾಸಣೆ ಮಾಡುತ್ತಾನೆ. ಅವನ ಕೈಗೆ ಕೊಟ್ಟ ದಿನಚರಿ ಮೊದಲ ಸಾಲಿನಿಂದಲೇ ಸತ್ತುಹೋಗುತ್ತದೆ.

ಹಾಗಾದರೆ ಗುಟ್ಟು ಗೊತ್ತಾದರೆ ಎಲ್ಲ ಮುಗಿಯಿತೇ? 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 12 ಸಣ್ಣಕಥೆಗಳನ್ನಿಟ್ಟುಕೊಂಡು ನೋಡಿದಾಗ, ಅಂತ್ಯ ಮೊದಲೇ ತಿಳಿದು ಓದಿದವರು ಕಥೆಯನ್ನು ಸ್ವಲ್ಪ ಹೆಚ್ಚೇ ಮೆಚ್ಚಿಕೊಂಡರು. ಆಮೇಲಿನ ಬೇರೆ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ. ಸಣ್ಣಕಥೆಗೆ ಅನ್ವಯಿಸಿದ್ದು ನಾನೂರು ಪುಟದ ಕಾದಂಬರಿಗೆ ಅನ್ವಯಿಸಲೇಬೇಕೆಂದೂ ಇಲ್ಲ. ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಬಾಂಬಿನ ಉದಾಹರಣೆ. ಮೇಜಿನ ಕೆಳಗೆ ಬಾಂಬ್ ಇರುವುದು ಪ್ರೇಕ್ಷಕರಿಗೆ ತಿಳಿಯದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ತಿಳಿದಿದ್ದರೆ ಹದಿನೈದು ನಿಮಿಷದ ಆತಂಕ. ಫ್ಲಿನ್ ಎರಡನ್ನೂ ಒಂದೇ ಪುಸ್ತಕದಲ್ಲಿಟ್ಟಿದ್ದಾರೆ. ಮೊದಲರ್ಧ ಬೆಚ್ಚಿಗಾಗಿ ಕಟ್ಟಿದ್ದು, ಎರಡನೆಯರ್ಧದಲ್ಲಿ ಬಾಂಬು ನಮಗೆ ಕಾಣುತ್ತದೆ, ನಿಕ್‌ಗೆ ಕಾಣುವುದಿಲ್ಲ. 'ಅರ್ಧದವರೆಗೆ ಸೂಪರ್, ಆಮೇಲೆ ಬಿದ್ದುಹೋಯ್ತು' ಎನ್ನುವವರು ಮೊದಲರ್ಧದ ಕುತೂಹಲವನ್ನೇ ಹೊತ್ತು ಎರಡನೆಯದರೊಳಗೆ ನಡೆದವರು. ಅಲ್ಲಿ 'ಏನಾಯಿತು' ಎಂದು ಹುಡುಕಲು ಏನೂ ಉಳಿದಿಲ್ಲ, 'ಇನ್ನೇನಾಗುತ್ತದೋ' ಎಂದು ಕಾಯುವುದಷ್ಟೇ ಇದೆ.

ಇನ್ನು ಎರಡನೆಯ ದೂರು. ಯಾರೂ ಇಷ್ಟವಾಗುವುದಿಲ್ಲ. 2015ರ ಆರಂಭದಲ್ಲಿ ಪೌಲಾ ಹಾಕಿನ್ಸ್ ಅವರ 'ದಿ ಗರ್ಲ್ ಆನ್ ದ ಟ್ರೈನ್' ಬಂದಾಗಲೂ ಇದೇ ಮಾತು ಕೇಳಿಬಂತು: ಕುಡಿದು ನೆನಪು ಕಳೆದುಕೊಳ್ಳುವ ರೇಚಲ್, ಜೊತೆಗೆ ಮೇಗನ್, ಆ್ಯನಾ, ಮೂವರೂ ಬೇಡವಾದವರು. ಆದರೆ ಎರಡು ಕಡೆಯ 'ಇಷ್ಟವಿಲ್ಲ' ಒಂದೇ ಅಲ್ಲ. ರೇಚಲ್ ಮೇಲಿನದು ಅಸಹನೆ. ತನ್ನ ನೆನಪನ್ನು ತಾನೇ ನಂಬದವಳ ಜೊತೆ ಪ್ರತಿ ಬೆಳಗ್ಗೆ ರೈಲು ಹತ್ತಬೇಕಾದ ದಣಿವು. ಏಮಿಯ ಮೇಲಿನದು ದ್ರೋಹಕ್ಕೆ ಸಿಕ್ಕವರ ಸಿಟ್ಟು, ಯಾಕೆಂದರೆ ಅವಳನ್ನು ಅರ್ಧ ಪುಸ್ತಕದಷ್ಟು ಕಾಲ ಇಷ್ಟಪಟ್ಟಾಗಿದೆ.

ಕನ್ನಡದ ಓದುಗರಿಗೆ ಈ ಏಟು ಇನ್ನೂ ಆಳಕ್ಕೆ ಬೀಳಲು ಕಾರಣವಿದೆ. ಮನೋವೈಜ್ಞಾನಿಕ ಕಾದಂಬರಿ ಎಂದರೆ ನಮಗೆ ಮೊದಲು ನೆನಪಾಗುವುದು ತ್ರಿವೇಣಿ. 'ಶರಪಂಜರ'ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದರೂ ಅವಳ ಒಂದೊಂದು ನಗು, ಒಂದೊಂದು ಮಾತನ್ನೂ ಸುತ್ತಲಿನವರು ಸಂಶಯದ ಕಣ್ಣಿನಿಂದಲೇ ನೋಡುತ್ತಾರೆ. ಅವಳನ್ನು ನಂಬುವವರು ಓದುಗರು. ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದಾಗ ಕಲ್ಪನಾ ಅವರ ಮುಖದಲ್ಲಿ ಆ ನೋವು ನೆಲೆ ನಿಂತುಬಿಟ್ಟಿತು. ಮನೆಯೊಳಗೆ ಬೇಯುವ ಹೆಣ್ಣಿನ ಮಾತನ್ನು ಲೋಕ ನಂಬದಿದ್ದರೂ ನಾನು ನಂಬುತ್ತೇನೆ ಎನ್ನುವುದು ಹಾಗೆ ಬೆಳೆದ ಓದಿನ ಸಂಸ್ಕಾರ. ಅದು ಒಳ್ಳೆಯ ಸಂಸ್ಕಾರವೇ. ಏಮಿ ತನ್ನ ದಿನಚರಿಯಲ್ಲಿ ಬಳಸಿಕೊಳ್ಳುವುದು ಸರಿಯಾಗಿ ಅದನ್ನೇ: ಹೊಂದಿಕೊಳ್ಳಲು ಹೆಣಗುವ ಹೆಂಡತಿ, ದೂರವಾಗುತ್ತಿರುವ ಗಂಡ, ಮೆಲ್ಲಗೆ ಒಳಬರುವ ಭಯ. ಓದುಗರ ಮರುಕವನ್ನೇ ಆಯುಧ ಮಾಡಿಕೊಂಡದ್ದಕ್ಕೆ ಕೋಪ ಬಂದರೆ ಅದು ಓದುಗರ ದೌರ್ಬಲ್ಯವಲ್ಲ.

ಈ ಕೋಪಕ್ಕೆ ಗಂಭೀರವಾದ ಮುಖವೂ ಇದೆ. ಕಾದಂಬರಿಯಲ್ಲಿ ಏಮಿ ಅತ್ಯಾಚಾರದ ಸುಳ್ಳು ಆರೋಪ ಹೊರಿಸಿದವಳು, ಗರ್ಭವನ್ನು ಗಂಡನನ್ನು ಕಟ್ಟಿಹಾಕುವ ಹಗ್ಗ ಮಾಡಿಕೊಂಡವಳು. ಹೆಣ್ಣನ್ನು ಅನುಮಾನಿಸುವವರ ಕೈಗೆ ಇದೇ ಅಸ್ತ್ರವಾಗುವುದಿಲ್ಲವೇ ಎಂದು ಹಲವು ಓದುಗರು, ವಿಮರ್ಶಕರು ಕೇಳಿದರು. ಹೆಣ್ಣಿಗೂ ಸಂಪೂರ್ಣ ಕೆಟ್ಟವಳಾಗುವ ಅವಕಾಶ ಸಾಹಿತ್ಯದಲ್ಲಿ ಇರಬೇಕು ಎಂಬುದು ಫ್ಲಿನ್ ಅವರ ನಿಲುವು. ಇದಕ್ಕಿಂತ ಗಮನಿಸಬೇಕಾದದ್ದು ಓದುಗರೇ ಮಾಡಿದ ಒಂದು ಕೆಲಸ. ಎರಡನೆಯ ಭಾಗದಲ್ಲಿ, ಗಂಡಸರಿಗೆ ಹಿತವಾಗಲೆಂದು ಹೆಂಗಸರು ಹಾಕಿಕೊಳ್ಳುವ 'ಕೂಲ್ ಗರ್ಲ್' ವೇಷದ ಬಗ್ಗೆ ಏಮಿ ಕೆಂಡ ಕಾರುತ್ತಾಳೆ. ಆ ಒಂದು ಭಾಗವನ್ನು ಅಸಂಖ್ಯ ಹೆಂಗಸರು ಕಾದಂಬರಿಯಿಂದ ಬಿಡಿಸಿಕೊಂಡು ತಮ್ಮದೇ ಮಾತಾಗಿ ಹಂಚಿಕೊಂಡರು. ಮಾತು ನಿಜ, ಆಡಿದವಳು ಸುಳ್ಳುಗಾತಿ. ಅವಳನ್ನು ದ್ವೇಷಿಸುತ್ತಲೇ ಅವಳ ಮಾತಿಗೆ ತಲೆಯಾಡಿಸಬೇಕಾದ ಆ ಇಕ್ಕಟ್ಟಿನಲ್ಲಿ ಈ ಕಾದಂಬರಿ ತನ್ನ ವರ್ಗದ ಎಷ್ಟೋ ಪುಸ್ತಕಗಳಿಗಿಂತ ಮೇಲೆ ನಿಲ್ಲುತ್ತದೆ. 'ಯಾರೂ ಇಷ್ಟವಾಗಲಿಲ್ಲ' ಎಂದವರನ್ನು 'ಯಾವ ಮಾತಿಗೆ ತಲೆಯಾಡಿಸಿದಿರಿ' ಎಂದು ಕೇಳಿದರೆ ಚರ್ಚೆ ಜೀವ ಪಡೆಯುತ್ತದೆ.

ಮೂರನೆಯದು ಅಂತ್ಯ. ಏಮಿ ಒಬ್ಬನನ್ನು ಕೊಂದು ಗಂಡನ ಬಳಿಗೆ ಮರಳುತ್ತಾಳೆ. ನಿಕ್ ಅವಳ ಬಣ್ಣ ಬಯಲು ಮಾಡಲು ಪುಸ್ತಕ ಬರೆಯುತ್ತಾನೆ. ಅವಳು ತಾನು ಬಸುರಿ ಎನ್ನುತ್ತಾಳೆ. ಅವನು ಬರೆದದ್ದನ್ನು ಅಳಿಸುತ್ತಾನೆ. ಪುಸ್ತಕದ ಕೊನೆಯ ಅಧ್ಯಾಯ ಪುಟ್ಟದು, ಅದು ಅವಳದು, ಕೊನೆಯ ಮಾತು ತನ್ನದೇ ಆಗಿರಬೇಕೆಂದು ಅವಳೇ ಹೇಳಿಕೊಳ್ಳುತ್ತಾಳೆ. ಈ ಅಂತ್ಯದ ಮೇಲಿನ ಅಸಮಾಧಾನ ಎಷ್ಟಿತ್ತೆಂದರೆ, ಸಿನಿಮಾದಲ್ಲಿ ಕೊನೆಯ ಭಾಗ ಬದಲಾಗಲಿದೆ ಎಂಬ ಸುದ್ದಿ ಬಿಡುಗಡೆಗೆ ಮೊದಲೇ ದೊಡ್ಡದಾಗಿ ಹಬ್ಬಿತು. ಬಂದ ಸಿನಿಮಾ ಅದೇ ಅಂತ್ಯವನ್ನು ಉಳಿಸಿಕೊಂಡಿತ್ತು.

'ಅಂತ್ಯ ಸರಿಯಿಲ್ಲ' ಎಂಬ ಮಾತಿನೊಳಗೆ ಎರಡು ಬೇರೆ ದೂರುಗಳು ಅವಿತಿರುತ್ತವೆ. ಉತ್ತರ ಸಿಗಲಿಲ್ಲ ಎಂಬುದು ಒಂದು. ನ್ಯಾಯ ಸಿಗಲಿಲ್ಲ ಎಂಬುದು ಇನ್ನೊಂದು. 'ಗಾನ್ ಗರ್ಲ್'ನಲ್ಲಿ ಉತ್ತರಗಳೆಲ್ಲ ಸಿಗುತ್ತವೆ: ಯಾರು ಮಾಡಿದರು, ಹೇಗೆ, ಯಾಕೆ, ಎಲ್ಲ. ಸಿಗದಿರುವುದು ಶಿಕ್ಷೆ. ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಓಡಿದವರಿಗೆ, ಉತ್ತರ ಮತ್ತು ಶಿಕ್ಷೆ ಒಂದೇ ಕೊನೆಯ ಅಧ್ಯಾಯದಲ್ಲಿ ಒಟ್ಟಿಗೆ ಬರಬೇಕು. ಒಂದು ಬಂದು ಇನ್ನೊಂದು ಬಾರದಿದ್ದಾಗ ಊಟದ ನಡುವೆ ಎಲೆ ಎಳೆದಂತಾಗುತ್ತದೆ. ನನ್ನ ಮಟ್ಟಿಗೆ ಈ ಅಂತ್ಯ ಕಾದಂಬರಿಯ ಮೊದಲ ಪುಟಗಳಿಗೆ ನಿಷ್ಠವಾಗಿದೆ. ಆರಂಭದಲ್ಲೇ ನಿಕ್ ಹೆಂಡತಿಯ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಚಡಪಡಿಸುತ್ತಾನೆ. ಕೊನೆಗೆ ಅದು ಅವನಿಗೆ ಪೂರ್ತಿ ಗೊತ್ತು, ಗೊತ್ತಿದ್ದೂ ಪಕ್ಕದಲ್ಲೇ ಮಲಗಬೇಕು. ಜೈಲಿಗಿಂತ ಇದು ಕಡಿಮೆಯಲ್ಲ.

ಉತ್ತರವೇ ಸಿಗದ ಅಂತ್ಯಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆಯಿದೆ: ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಕನ್ನಡದಲ್ಲಿ, ಆಮೇಲೆ ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದಲ್ಲಿ ದೂರ ದೂರ ಹೋದ ಈ ಪುಟ್ಟ ಕೃತಿಯನ್ನು ಯಾರೂ ಥ್ರಿಲ್ಲರ್ ಕಪಾಟಿನಲ್ಲಿಡುವುದಿಲ್ಲ. ಆದರೆ ಮನಸ್ಸಿನ ಆತಂಕವನ್ನು ಕಟ್ಟುವ ಕೆಲಸ ಇಲ್ಲಿ ಎಷ್ಟೋ ಥ್ರಿಲ್ಲರ್‌ಗಳಿಗಿಂತ ಬಿಗಿಯಾಗಿದೆ. ಸಾಧನವೂ ಅದೇ, ಎಲ್ಲವನ್ನೂ ಹೇಳಿ ಮುಖ್ಯವಾದದ್ದನ್ನು ಹೇಳದ ನಿರೂಪಕ. ಬಡತನದಿಂದ ಸೋನಾ ಮಸಾಲೆಯ ದುಡ್ಡಿಗೆ ಏರಿದ ಕುಟುಂಬ, ಆ ದುಡ್ಡಿನ ಒಡೆಯ ಚಿಕ್ಕಪ್ಪನ ಸುತ್ತ ಕಾವಲು ನಿಂತ ಮನೆಮಂದಿ, ಆ ಮನೆಯ ಮಾತಿಗೆ ಒಗ್ಗದ ಸೊಸೆ ಅನಿತಾ. ಊರಿಗೆ ಹೋದ ಅನಿತಾ ಇನ್ನೂ ಮರಳಿಲ್ಲ. ಗಂಡ ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಗ್ಲಾಸು ಒಡೆಯುತ್ತದೆ. ಕೈಯಲ್ಲಿ ರಕ್ತವಿದೆಯೆಂದು ವೇಟರ್ ವಿನ್ಸೆಂಟ್ ಅವನಿಗೆ ಹೇಳಬೇಕಾಗುತ್ತದೆ. ಅಲ್ಲಿಗೆ ಮುಗಿಯಿತು.

ಇಲ್ಲಿ 'ಅಂತ್ಯವೇ ಇಲ್ಲ' ಎಂದು ಪುಸ್ತಕ ಮಡಚುವವರು ಹಿಂದಕ್ಕೆ ಹೋಗಿ ನೋಡಬೇಕಾದದ್ದು ಇರುವೆಗಳ ಭಾಗವನ್ನು. ಹಳೆಯ ಮನೆಯಲ್ಲಿ ಇರುವೆಗಳ ವಿರುದ್ಧ ಆ ಕುಟುಂಬ ನಡೆಸುವ ಸಮರದಲ್ಲಿ, ಬೇಡವಾದ ಜೀವವನ್ನು ಹೊಸಕುವುದು ದಿನಬಳಕೆಯ ಕೆಲಸವಾಗುವ ಬಗೆ ತಮಾಷೆಯ ದನಿಯಲ್ಲಿ ಬಂದುಹೋಗಿರುತ್ತದೆ. ಮೊದಲ ಓದಿನಲ್ಲಿ ನಗು ಬರುತ್ತದೆ. ಪೆನ್ಸಿಲ್ ಹಿಡಿದ ಎರಡನೆಯ ಓದಿನಲ್ಲಿ ಆ ಪುಟಗಳ ಪಕ್ಕ ಒಂಟಿ ಗೆರೆಗಳು ಸಾಲಾಗಿ ಬೀಳುತ್ತವೆ. ನಿರೂಪಕನ ಮನೆಯವರ ಬಗ್ಗೆ ಅವನೇ ಕೊಟ್ಟ ಸಾಕ್ಷ್ಯವದು, ಕೊಡುತ್ತಿರುವುದು ಅವನಿಗೂ ಗೊತ್ತಿದ್ದಂತಿಲ್ಲ.

ಪುಸ್ತಕದ ಬಗ್ಗೆ ಕೂತು ಮಾತಾಡುವ ಗೆಳೆಯರ ಗುಂಪುಗಳಿಗೆ ಒಂದು ಕೆಲಸ ಸೂಚಿಸಬಹುದು. ಮಾತು ಶುರುವಾಗುವ ಮೊದಲು ಎಲ್ಲರೂ ಒಂದೊಂದು ಹಾಳೆಯಲ್ಲಿ, ಯಾರದನ್ನೂ ನೋಡದೆ, ಕಥೆ ಮುಗಿದ ಮರುದಿನ ಬೆಳಗ್ಗೆ ಆ ಮನೆಯಲ್ಲಿ ಏನು ನಡೆಯಿತೆಂದು ಐದು ಸಾಲು ಬರೆಯಲಿ. ಐದೇ ಸಾಲು, ಹೆಚ್ಚು ಬರೆದರೆ ವಾದ ಶುರುವಾಗುತ್ತದೆ. 'ಗಾನ್ ಗರ್ಲ್'ನ ಹಾಳೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ: ಇಬ್ಬರು ಕಾಫಿ ಕುಡಿಯುತ್ತಿದ್ದಾರೆ, ಒಬ್ಬನಿಗೆ ಭಯ. 'ಘಾಚರ್ ಘೋಚರ್'ನ ಹಾಳೆಗಳು ಹಾಗಿರುವುದಿಲ್ಲ. ಒಂದರಲ್ಲಿ ಅನಿತಾ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಇನ್ನೊಂದರಲ್ಲಿ ಅದೇ ಬಾಗಿಲಲ್ಲಿ ಪೊಲೀಸರು. ಮತ್ತೊಂದರಲ್ಲಿ ಬಾಗಿಲು ತಟ್ಟುವವರೇ ಇಲ್ಲ, ಮನೆಮಂದಿಯೆಲ್ಲ ಎಂದಿನಂತೆ ಚಿಕ್ಕಪ್ಪನ ತಿಂಡಿಗೆ ತಟ್ಟೆ ಇಡುತ್ತಿದ್ದಾರೆ.